ಮಣ್ಣಿನ ಬತೇರಿಯ ಮೇಲೆ ಹವಳ ಹಬ್ಬಿಸುವುದು

ಕೇಳುಗರಿಗೆಲ್ಲ ನಮಸ್ಕಾರ.

ಸಮುದ್ರದ ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸುವ ವಿಷಯ ಇವತ್ತು ಮಾತಾಡುತ್ತೇನೆ. ದಾವಣಗೆರೆಯಲ್ಲಿ ಕೂತು ಸಮುದ್ರದ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಊರಲ್ಲೂ, ಚಿತ್ರದುರ್ಗದಲ್ಲೂ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಇದ್ದಾರೆ. ಇಡಬೇಕು ಅಂತ ಆಸೆ ಇಟ್ಟುಕೊಂಡವರು ಇನ್ನೂ ಜಾಸ್ತಿ. ಅವರಲ್ಲಿ ಬಹಳ ಜನ ಕೇಳುವುದು ಒಂದೇ ಮಾತು: ತೊಟ್ಟಿಯೊಳಗೆ ಒಂದು ಕಮಾನೋ, ಗೋಪುರವೋ ಇಟ್ಟು ಅದರ ಮೈತುಂಬ ಹವಳ ಹಬ್ಬುವ ಹಾಗೆ ಮಾಡಬಹುದಾ? ಮಾಡಬಹುದು. ತುಂಬ ಚೆನ್ನಾಗಿಯೇ ಮಾಡಬಹುದು. ಆದರೆ ಹಬ್ಬಿಸುವುದು ಸುಲಭ, ಹಬ್ಬಿದ್ದನ್ನು ನಿಲ್ಲಿಸುವುದು ಕಷ್ಟ. ಅದು ಎಲ್ಲಿಗೆ ನಿಲ್ಲಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡು ಕೆಲಸ ಶುರು ಮಾಡಿ. ಇವತ್ತು ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ.

ಹವಳದಲ್ಲಿ ಎರಡು ಥರ ಅಂತ ಇಟ್ಟುಕೊಳ್ಳಿ. ಸುಣ್ಣದ ಗಟ್ಟಿ ಗೂಡು ಕಟ್ಟಿಕೊಳ್ಳುವುದು ಒಂದು. ಅಂಥ ಗೂಡಿಲ್ಲದೆ ಮೆತ್ತಗೆ ಬೆಳೆಯುವುದು ಇನ್ನೊಂದು, ಅದೇ ಸಾಫ್ಟ್ ಕೋರಲ್. ಮೆತ್ತಗಿನದರಲ್ಲಿ ಗ್ರೀನ್ ಸ್ಟಾರ್ ಪಾಲಿಪ್ ಅಂತ ಒಂದಿದೆ, ಶಾಸ್ತ್ರದ ಹೆಸರು ಬ್ರಯೇರಿಯಂ. ಕೆಳಗೆ ನೇರಳೆ ಬಣ್ಣದ ತೆಳುವಾದ, ರಬ್ಬರಿನಷ್ಟು ಗಟ್ಟಿಯಾದ ಒಂದು ಪದರ. ಅದರ ತುಂಬ ಸಣ್ಣ ಸಣ್ಣ ತೂತುಗಳು. ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಒಂದೊಂದು ತೂತಿನಿಂದಲೂ ಒಂದೊಂದು ಹಸಿರು ಜೀವ ಹೊರಗೆ ಬರುತ್ತದೆ, ಅದೇ ಪಾಲಿಪ್. ಹತ್ತಿರ ಹೋಗಿ ಎಣಿಸಿ ನೋಡಿ, ಪ್ರತಿಯೊಂದಕ್ಕೂ ಎಂಟು ಎಸಳು. ಬೆರಳು ತಾಗಿಸಿದರೆ ಎಲ್ಲವೂ ಒಳಗೆ ಹೋಗಿ ಬರೀ ನೇರಳೆ ಪದರ ಉಳಿಯುತ್ತದೆ.

ಇದು ಗರಿಕೆ ಹುಲ್ಲಿನ ಹಾಗೆ. ನೀವು ಎಷ್ಟೇ ಕಿತ್ತರೂ, ಒಂದು ಚೂರು ಉಳಿದರೆ ಮತ್ತೆ ಶುರು. ಅಂಚಿನಲ್ಲಿ ನೇರಳೆ ಪದರ ಮೊದಲು ಬರಿಯಾಗಿ ಮುಂದಕ್ಕೆ ಹರಿಯುತ್ತದೆ, ಆಮೇಲೆ ಅದರಲ್ಲಿ ಚುಕ್ಕೆಗಳು ಕಾಣುತ್ತವೆ, ಆ ಚುಕ್ಕೆಯಿಂದ ಹೊಸ ಪಾಲಿಪ್ ಹೊರಡುತ್ತದೆ. ಪಕ್ಕದಲ್ಲಿ ನಿಧಾನವಾಗಿ ಬೆಳೆಯುವ ಬೇರೆ ಹವಳ ಇದ್ದರೆ ಅದರ ಮೇಲೂ ಹತ್ತಿ ಮುಚ್ಚಿಬಿಡುತ್ತದೆ. ಅದಕ್ಕೇ ಇದನ್ನು ತೊಟ್ಟಿಯ ಮುಖ್ಯ ಕಲ್ಲಿಗೆ ಅಂಟಿಸಲೇಬೇಡಿ. ಕಲ್ಲಿನ ಸಂದಿಗೊಂದಿಯಲ್ಲಿ ಇಳಿದರೆ ಆ ಕಲ್ಲನ್ನೇ ಹೊರಗೆ ತೆಗೆಯಬೇಕಾಗುತ್ತದೆ.

ಹಾಗಾಗಿ ಬೇರೆಯದೇ ಒಂದು ಕಟ್ಟಡ ಬೇಕು. ಮರಳಿನ ನಡುವೆ, ಸುತ್ತಲೂ ಬರೀ ಮರಳು ಇರುವ ಹಾಗೆ, ಕಲ್ಲಿನಿಂದಲೂ ಗಾಜಿನಿಂದಲೂ ಒಂದು ಗೇಣಾದರೂ ದೂರ. ಅಲುಗಾಡುವ ಮರಳಿನ ಮೇಲೆ ಈ ಪದರ ಗಟ್ಟಿಯಾಗಿ ಕಾಲೂರುವುದಿಲ್ಲ. ಅಂಚು ಜೋತುಬಿದ್ದರೆ ಕತ್ತರಿಯಲ್ಲಿ ಕತ್ತರಿಸಿದರೆ ಮುಗಿಯಿತು. ಹಿಂದಿನ ಗಾಜಿನ ಮೇಲೆ ಹತ್ತಿದರೂ ತೊಂದರೆ ಇಲ್ಲ, ಬ್ಲೇಡಿನಲ್ಲಿ ಕೆರೆದರೆ ಹಾಳೆ ಎದ್ದ ಹಾಗೆ ಏಳುತ್ತದೆ, ಚೂರುಗಳನ್ನು ಮಾತ್ರ ಆಗಲೇ ಹೊರಗೆ ತೆಗೆಯಿರಿ. ಝೀನಿಯಾ ಅಂತ ಇನ್ನೊಂದಿದೆ, ತನ್ನಷ್ಟಕ್ಕೆ ತಾನೇ ಮುಚ್ಚುತ್ತ ತೆರೆಯುತ್ತ ಇರುತ್ತದೆ, ನೋಡಲು ಬಹಳ ಚಂದ. ಆದರೆ ಅದಕ್ಕೆ ಮರಳಿನ ಗಡಿ ಸಾಲದು. ಅದು ಕಿತ್ತುಕೊಂಡು ನೀರಿನಲ್ಲಿ ತೇಲಿ ಬೇರೆ ಕಡೆ ಹೋಗಿ ಅಂಟಿಕೊಳ್ಳುತ್ತದೆ. ಮೊದಲ ಸಲ ಮಾಡುವವರು ಗ್ರೀನ್ ಸ್ಟಾರ್‌ನಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಈಗ ಕಟ್ಟಡದ ಮಾತು. ಅಂಗಡಿಯಲ್ಲಿ ಸಿಗುವ ಮುಳುಗಿದ ಹಡಗು, ರೋಮಿನ ಕಂಬ ಇವೆಲ್ಲ ನಮಗೆ ಯಾಕೆ? ಏಳು ಸುತ್ತಿನ ಕೋಟೆ ಪಕ್ಕದಲ್ಲೇ ಇದೆ. ಒಂದು ಬತೇರಿ, ಅಂದರೆ ಕೋಟೆಯ ಕಾವಲು ಗೋಪುರ, ಒಂದು ಬಾಗಿಲ ಕಮಾನು, ಇಲ್ಲ ಓಬವ್ವನ ಕಿಂಡಿಯ ಥರದ್ದು ಒಂದು, ಇದನ್ನು ಕುಂಬಾರರ ಹತ್ತಿರ ಮಣ್ಣಿನಲ್ಲಿ ಮಾಡಿಸಿ. ಸುಟ್ಟ ಮಣ್ಣು ಹವಳಕ್ಕೆ ಒಳ್ಳೆಯ ನೆಲ. 2020ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ಅಲ್ಲಿನ ಸಮುದ್ರದಲ್ಲಿ ಹಾಳಾದ ಹವಳದ ಜಾಗಕ್ಕೆ ಸುಟ್ಟ ಮಣ್ಣಿನ ಬಿಲ್ಲೆಗಳನ್ನೇ ಇಳಿಸಿ, ಅವುಗಳ ಮೇಲೆ ಹವಳ ಕೂರಿಸಿದರು. ನಮ್ಮ ಕುಂಬಾರರ ಕೈಯಲ್ಲಿ ಅಂಥದ್ದು ಖಂಡಿತ ಆಗುತ್ತದೆ.

ಮಾಡಿಸುವಾಗ ಒಂದಿಷ್ಟು ಹೇಳಿಬಿಡಿ. ಚೆನ್ನಾಗಿ ಬೇಯಬೇಕು, ತಟ್ಟಿದರೆ ಠಣ್ ಅನ್ನಬೇಕು. ಬೊದ್ದು ಸದ್ದು ಬಂದರೆ ಬೇಡ, ನೀರಿನಲ್ಲಿ ಕರಗುತ್ತ ಉದುರುತ್ತದೆ. ಬಣ್ಣ, ವಾರ್ನಿಶ್, ಹೊಳಪು ಯಾವುದೂ ಬೇಡ. ಮೈ ಒರಟಾಗಿಯೇ ಇರಲಿ, ಹವಳ ಹಿಡಿದುಕೊಳ್ಳಲು ಅದೇ ಬೇಕು. ಒಳಗೆ ಟೊಳ್ಳಿದ್ದರೆ ಬುಡದಲ್ಲಿ, ನೆತ್ತಿಯಲ್ಲಿ ತೂತು ಇರಲಿ, ಇಲ್ಲದಿದ್ದರೆ ಒಳಗಿನ ನೀರು ಕೊಳೆಯುತ್ತದೆ. ತಂದ ಮೇಲೆ ಕೆಲವು ವಾರ ಶುದ್ಧ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತ ಇರಿ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೇ ಬೇಡ. ಸಿಮೆಂಟಿನಲ್ಲಿ ಮಾಡಬಹುದು, ಆದರೆ ಅದು ಸುಣ್ಣ ಬಿಡುತ್ತದೆ, ನೀರಿನ ಪಿಎಚ್ ಏರಿಸುತ್ತದೆ, ಪಿಎಚ್ ಏರುವುದು ನಿಲ್ಲುವ ತನಕ ವಾರಗಟ್ಟಲೆ ನೆನೆಯಬೇಕು. ಒಳಗೆ ಕಬ್ಬಿಣದ ತಂತಿ ಇರಬಾರದು. ಇನ್ನೊಂದು ವಿಷಯ, ದುರ್ಗದವರು ಗಮನವಿಟ್ಟು ಕೇಳಿ. ಬೆಟ್ಟದಿಂದ ಚಂದದ ಕಲ್ಲು ತಂದು ತೊಟ್ಟಿಗೆ ಹಾಕುವ ಆಸೆ ಬರುತ್ತದೆ, ಅಲ್ವಾ? ಬೇಡ. ನಿಮ್ಮ ಕಡೆ ನೆಲದಲ್ಲಿ ತಾಮ್ರ ಇದೆ, ಕಬ್ಬಿಣ ಇದೆ. ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ಇತ್ತು. ಮೀನು ತಡೆದುಕೊಳ್ಳುವಷ್ಟು ತಾಮ್ರ ನೀರಿನಲ್ಲಿದ್ದರೂ ಹವಳ, ಸೀಗಡಿ, ಶಂಖದ ಹುಳು ಸತ್ತೇಹೋಗುತ್ತವೆ. ಮೀನಿನ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಅಂಥದ್ದನ್ನು ಈ ತೊಟ್ಟಿಗೆ ಹಾಕಬಾರದು.

ನೀರು. ಇಲ್ಲಿ ನಮಗೆ ಕಷ್ಟ ಇದೆ. ಬೋರ್‌ವೆಲ್ ನೀರು ಗಡಸು, ದುರ್ಗದ ಕಡೆ ಫ್ಲೋರೈಡ್ ಬೇರೆ. ಭದ್ರಾ ನೀರು ಮೆದುವಾದರೂ ನಲ್ಲಿಯಲ್ಲಿ ಕ್ಲೋರಿನ್ ಇರುತ್ತದೆ. ಮನೆಯ ಆರ್‌ಒ ಇದೆಯಲ್ಲ ಅಂತೀರಿ. ಕುಡಿಯುವ ನೀರಿನ ಆರ್‌ಒ ಮಷಿನ್ನುಗಳಲ್ಲಿ ಬಹಳಷ್ಟು ರುಚಿಗಾಗಿ ಖನಿಜ ಮತ್ತೆ ಸೇರಿಸುತ್ತವೆ, ಇಲ್ಲ ಸ್ವಲ್ಪ ಸೋಸದ ನೀರನ್ನೇ ಬೆರೆಸುತ್ತವೆ. ನೀರಿನಲ್ಲಿ ಕರಗಿದ ಖನಿಜ ಎಷ್ಟಿದೆ ಅಂತ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿ. ನಮಗೆ ಬೇಕಾಗಿರುವುದು 0. ಆರ್‌ಒ ಆದ ಮೇಲೆ ಉಳಿದ ಖನಿಜವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಹಾಕಿದರೆ ಅಲ್ಲಿಗೆ ಬರುತ್ತದೆ. ಅದಕ್ಕೆ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಮುದ್ರದ ಅಳತೆಯಲ್ಲಿ ಇಲ್ಲ. ಬೆರೆಸಿದ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ನಿಲ್ಲಲಿ.

ಇನ್ನು ಬಿಸಿಲು. ಏಪ್ರಿಲ್ಲಿನಲ್ಲಿ ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಒಳಗೆ ಇರಬೇಕು. ನೀರು ತಣ್ಣಗೆ ಮಾಡುವ ಚಿಲ್ಲರ್ ತರುವ ಶಕ್ತಿ ಇದ್ದವರು ತರಲಿ. ಇಲ್ಲದವರು ನೀರಿನ ಮೇಲ್ಮೈಗೆ ಬೀಸುವ ಹಾಗೆ ಒಂದು ಸಣ್ಣ ಫ್ಯಾನ್ ಇಡಿ. ಮಂಗಳೂರಿನಲ್ಲಿ ಇದರಿಂದ ಅಷ್ಟು ಉಪಯೋಗ ಆಗುವುದಿಲ್ಲ, ಗಾಳಿಯಲ್ಲೇ ತೇವ ಇರುತ್ತದೆ. ನಮ್ಮದು ಒಣ ಗಾಳಿ, ನೀರು ಬೇಗ ಆವಿಯಾಗುತ್ತದೆ, ಆವಿಯಾಗುತ್ತ ತೊಟ್ಟಿ ತಣ್ಣಗಾಗುತ್ತದೆ. ಈ ಒಂದು ವಿಷಯದಲ್ಲಿ ಬಯಲುಸೀಮೆ ನಮಗೆ ಅನುಕೂಲವೇ ಮಾಡಿದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ದಿನಾ ಕಡಿಮೆಯಾದಷ್ಟು ಸಿಹಿನೀರು, ಅದೇ ಡಿಐ ನೀರು, ಸೇರಿಸಿ. ಉಪ್ಪುನೀರು ಸೇರಿಸಬೇಡಿ. ಕರೆಂಟ್ ಹೋದರೆ ಇನ್ವರ್ಟರಿಗೆ ದೀಪ ಬೇಕಿಲ್ಲ, ನೀರು ಅಲುಗಾಡಿಸುವ ಪಂಪು ಮತ್ತು ಈ ಫ್ಯಾನು ಸಾಕು.

ತೊಟ್ಟಿ ಹೊಸದಾದರೆ ಕನಿಷ್ಠ ಒಂದೂವರೆ ತಿಂಗಳು ಹವಳ ಇಲ್ಲದೆ ಸುಮ್ನೆ ಓಡಲಿ. ನೀರಿನಲ್ಲಿ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಹವಳ ತನ್ನಿ.

ಅಂಟಿಸುವ ಕೆಲಸ ಹೀಗೆ. ಹರಿತವಾದ ಹೊಸ ಬ್ಲೇಡಿನಲ್ಲಿ ಪದರವನ್ನು ಎರಡು ಬೆರಳಗಲ ಕತ್ತರಿಸಿ, ತೀರಾ ಚಿಕ್ಕ ಚೂರು ಬೇಡ. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಯಾಕೆ ಅಂದರೆ ಇದೇ ಥರ ಹಬ್ಬುವ ಝೋವಾಂಥಿಡ್ ಅಂತ ಇನ್ನೊಂದು ಜೀವ ಇದೆ, ಅದರಲ್ಲಿ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರಿ ವಿಷ ಇರುತ್ತದೆ. ಹವಳ ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು ಯಾವತ್ತೂ ಬೇಡ, ಆ ಆವಿ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಕತ್ತರಿಸಿದ ಚೂರಿನ ತಳವನ್ನು ಟಿಶ್ಯೂ ಕಾಗದದಿಂದ ಒತ್ತಿ ಒರೆಸಿ, ಲೋಳೆ ಹೋಗಬೇಕು. ಬತೇರಿಯ ಆ ಜಾಗವನ್ನೂ ಒರೆಸಿ. ಫೆವಿಕ್ವಿಕ್ ಥರದ ಅಂಟು, ಆದರೆ ನೀರಾದದ್ದಲ್ಲ, ಜೆಲ್ ಇರುವಂಥದ್ದು, ನಾಲ್ಕು ಮೂಲೆಗೆ ಒಂದೊಂದು ಹನಿ ಇಟ್ಟು ಒತ್ತಿ ಹಿಡಿಯಿರಿ. ತಳದ ತುಂಬ ಅಂಟು ಬಳಿಯಬೇಡಿ, ಬೆಳೆಯುವ ಅಂಚು ಉಸಿರುಗಟ್ಟುತ್ತದೆ. ನಿಲ್ಲದಿದ್ದರೆ ಮೇಲೆ ಹತ್ತಿಯ ದಾರ ಸುತ್ತಿ, ಹವಳ ಹಿಡಿದುಕೊಂಡ ಮೇಲೆ ಕತ್ತರಿಸಿ ತೆಗೆಯಿರಿ. ಚೂರುಗಳನ್ನು ಬತೇರಿಯ ನೆತ್ತಿಯಲ್ಲಿ, ನಡುವಿನಲ್ಲಿ ಇಡಿ. ಬುಡದ ನಾಲ್ಕು ಬೆರಳು ಬರಿದಾಗಿಯೇ ಇರಲಿ, ಅದು ನಿಮ್ಮ ಗಡಿ.

ಮೊದಲ ದಿನಗಳಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ. ಒಂದು ವಾರ ತೆರೆಯದಿದ್ದರೂ ಗಾಬರಿ ಬೇಡ, ದಿನಕ್ಕೊಂದು ಸಲ ಜಾಗ ಬದಲಾಯಿಸಬೇಡಿ. ಪದರದ ಮೇಲೆ ಕಸ ಕೂತಿದೆಯಾ ನೋಡಿ. ಕಸ ಕೂತರೆ ಪಾಲಿಪ್ ಏಳುವುದಿಲ್ಲ, ಪಾಚಿ ಹಿಡಿಯುತ್ತದೆ. ಅಲ್ಲಿಗೆ ನೀರಿನ ಓಟ ಸ್ವಲ್ಪ ಜಾಸ್ತಿ ಮಾಡಿ, ಎಸಳುಗಳು ಓಲಾಡುವಷ್ಟು. ಆಹಾರದ ಚಿಂತೆ ಕಡಿಮೆ, ಅದರ ಮೈಯೊಳಗಿರುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ಮಾಡಿ ಕೊಡುತ್ತದೆ. ನೀರು ಕನ್ನಡಿಯಷ್ಟು ಶುದ್ಧ ಇರಬೇಕು ಅಂತ ಹಠ ಹಿಡಿಯಬೇಡಿ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಇದಕ್ಕೆ ಹಿತ, ಪೂರ್ತಿ ಸೊನ್ನೆಯಾದರೆ ಬಡವಾಗುತ್ತದೆ.

ಹವಳ ಎಲ್ಲಿಂದ ತರುವುದು ಅನ್ನುವುದು ಬಹಳ ಮುಖ್ಯ, ಇದನ್ನು ನಾನು ಒತ್ತಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಟ್ಟಿ ಹವಳ, ಬೀಸಣಿಗೆಯ ಆಕಾರದ ಸೀ ಫ್ಯಾನ್ ಹವಳ ಇವಕ್ಕೆಲ್ಲ 2001ರಿಂದ ಹುಲಿಗೆ ಸಿಗುವಂಥ ರಕ್ಷಣೆ ಇದೆ. ನೇತ್ರಾಣಿ ದ್ವೀಪದಿಂದಾಗಲಿ, ಲಕ್ಷದ್ವೀಪದಿಂದಾಗಲಿ ಯಾರೋ ಕಿತ್ತು ತಂದದ್ದನ್ನು, ಸತ್ತ ಹವಳದ ಕಲ್ಲನ್ನೂ ಸೇರಿಸಿ, ಮುಟ್ಟಬೇಡಿ. ಅಂಗಡಿಯವರನ್ನು ಬಿಲ್ಲು, ಆಮದಿನ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಕೊಳ್ಳಬೇಡಿ. ಕಾಗದ ಸರಿಯಿರುವ ಹವಳವನ್ನು ತೊಟ್ಟಿಯಲ್ಲೇ ಬೆಳೆಸಿದವರ ಹತ್ತಿರ ಒಂದು ಚೂರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಬತೇರಿ ತುಂಬಿ ಅಂಚು ಕತ್ತರಿಸುವ ಹೊತ್ತಿಗೆ ನಿಮ್ಮ ಹತ್ತಿರವೂ ಚೂರುಗಳು ಇರುತ್ತವೆ, ಬಿಸಾಡಬೇಡಿ, ಚರಂಡಿಗೆ ಕೆರೆಗೆ ಹಾಕಬೇಡಿ, ಬೇರೆಯವರಿಗೆ ಕೊಡಿ. ಇಲ್ಲಿಂದ ದುರ್ಗಕ್ಕೆ ಬಸ್ಸಿನಲ್ಲಿ ಒಯ್ಯಲು ಒಂದು ಮುಚ್ಚಳದ ಡಬ್ಬಿಯಲ್ಲಿ ತೊಟ್ಟಿಯದೇ ನೀರು ತುಂಬಿ, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಟ್ಟು, ಬಿಸಿಲು ತಾಗದ ಹಾಗೆ ಚೀಲದಲ್ಲಿಟ್ಟರೆ ಸಾಕು. ಅಲ್ಲಿ ಇಳಿಸುವವರು ಡಬ್ಬಿಯನ್ನು ಹದಿನೈದು ಇಪ್ಪತ್ತು ನಿಮಿಷ ತಮ್ಮ ತೊಟ್ಟಿಯಲ್ಲಿ ತೇಲಿಬಿಡಲಿ, ಶಾಖ ಸಮ ಆಗಲಿ, ಆಮೇಲೆ ತಮ್ಮ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಲಿ. ಹವಳ ಮಾತ್ರ ತೊಟ್ಟಿಗೆ ಹೋಗಲಿ, ಡಬ್ಬಿಯ ನೀರನ್ನು ಹೊರಗೆ ಚೆಲ್ಲಿಬಿಡಲಿ.

ನಮಸ್ಕಾರ.