ರಕ್ತದ ಲೆಕ್ಕ: ಕೆಲವು ಅಚ್ಚರಿಗಳು, ಅವು ತಿಳಿದುಬಂದ ಬಗೆ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವಿಜ್ಞಾನಾಸಕ್ತ ಬಂಧುಗಳೇ,

‘ನಿಮಗಿದು ಗೊತ್ತೇ?’ ಎಂಬ ತಲೆಬರಹದಡಿ ಪತ್ರಿಕೆಗಳಲ್ಲಿ, ರಸಪ್ರಶ್ನೆ ಪುಸ್ತಕಗಳಲ್ಲಿ, ಈಗೀಗ ಮೊಬೈಲಿನ ಸಂದೇಶಗಳಲ್ಲಿ ನಾವು ಓದುವ ಅಚ್ಚರಿಯ ಸಂಗತಿಗಳಿಗೆ ಒಂದು ಸಮಾನ ಕೊರತೆಯಿದೆ. ಸಂಗತಿ ಏನೆಂಬುದು ಅಲ್ಲಿರುತ್ತದೆ. ಅದು ಯಾರಿಗೆ, ಹೇಗೆ ತಿಳಿಯಿತು ಎಂಬುದು ಇರುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಅಚ್ಚರಿಯದು, ಎಷ್ಟೋ ಸಲ ಮೊದಲನೆಯದನ್ನು ನಂಬಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದೂ ಅದೇ. ಇದನ್ನು ತೋರಿಸಲು ಇಂದು ಒಂದೇ ವಸ್ತುವನ್ನು ಆರಿಸಿಕೊಂಡಿದ್ದೇನೆ: ರಕ್ತ.

ಎಲ್ಲರೂ ಕೇಳಿರುವ ಮಾತಿನಿಂದಲೇ ಆರಂಭಿಸೋಣ. ಒಬ್ಬ ಮನುಷ್ಯನ ರಕ್ತನಾಳಗಳನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿದರೆ 1,00,000 ಕಿಲೋಮೀಟರ್ ಆಗುತ್ತದೆ, ಅಂದರೆ ಭೂಮಿಯನ್ನು ಎರಡೂವರೆ ಸುತ್ತು ಸುತ್ತುತ್ತದೆ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲೂ ಇದು ಕಾಣಸಿಗುತ್ತದೆ. ಇದರ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ತಲುಪುವುದು ಡೆನ್ಮಾರ್ಕಿನ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಬಳಿಗೆ. ಲೋಮನಾಳಗಳ, ಅಂದರೆ ಅತಿ ಸೂಕ್ಷ್ಮ ರಕ್ತನಾಳಗಳ, ಕುರಿತ ಸಂಶೋಧನೆಗಾಗಿ 1920ರಲ್ಲಿ ನೊಬೆಲ್ ಪಡೆದ ಅವರು, ಒಂದು ಅಂದಾಜು ಕೊಡುವ ಸಲುವಾಗಿ, ಒಬ್ಬ ವ್ಯಕ್ತಿಯಲ್ಲಿ 50 ಕಿಲೋ ಸ್ನಾಯು ಇದೆ ಎಂದೂ, ಸ್ನಾಯುವಿನ ಪ್ರತಿ ಚದರ ಮಿಲಿಮೀಟರಿನ ಅಡ್ಡಕೊಯ್ತದಲ್ಲಿ 2,000 ಲೋಮನಾಳಗಳಿವೆ ಎಂದೂ ಇಟ್ಟುಕೊಂಡು ಗುಣಿಸಿದರು. ಗುಣಾಕಾರ ಸರಿಯಾಗಿಯೇ ಇದೆ. ಆದರೆ 50 ಕಿಲೋ ಸ್ನಾಯು ಇರುವವನು ಜಟ್ಟಿಯೇ ಆಗಿರಬೇಕು. ಸಾಧಾರಣ ಮೈಕಟ್ಟಿನ ಗಂಡಸಿನಲ್ಲಿ ಇರುವುದು ಅದರ ಸುಮಾರು ಅರ್ಧದಷ್ಟು. ಲೋಮನಾಳಗಳ ಸಾಂದ್ರತೆಯೂ ಮನುಷ್ಯರಲ್ಲಿ ಅಷ್ಟಿಲ್ಲ. ಇವೆರಡನ್ನೂ ತಿದ್ದಿ 2021ರಲ್ಲಿ ಪ್ರಕಟವಾದ ಮರುಲೆಕ್ಕವೊಂದು 9,000ದಿಂದ 19,000 ಕಿಲೋಮೀಟರ್ ಎಂಬ ಉತ್ತರವನ್ನು ಕೊಟ್ಟಿತು. ಇದೂ ಸಣ್ಣ ಸಂಖ್ಯೆಯಲ್ಲ. ಆದರೆ ಭೂಮಿಯ ಅರ್ಧ ಸುತ್ತನ್ನೂ ಅದು ಮುಟ್ಟುವುದಿಲ್ಲ. ಕ್ರೋಗ್ ‘ಹೀಗಿದ್ದರೆ ಹಾಗಾಗುತ್ತದೆ’ ಎಂದಿದ್ದರು. ನೂರು ವರ್ಷ ಅದನ್ನು ನಕಲು ಮಾಡಿದವರು ‘ಹೀಗಿದ್ದರೆ’ ಎಂಬ ಭಾಗವನ್ನು ಕೈಬಿಟ್ಟರು.

ಒರಟು ಅಂದಾಜಿನಿಂದ ದಾರಿ ತಪ್ಪಬಹುದು ಎಂಬುದಕ್ಕೆ ಇದು ನಿದರ್ಶನವಾದರೆ, ಅದೇ ಬಗೆಯ ಅಂದಾಜು ಸಾವಿರದ ನಾನೂರು ವರ್ಷಗಳ ನಂಬಿಕೆಯನ್ನು ಉರುಳಿಸಿದ ನಿದರ್ಶನವೂ ರಕ್ತದ ಇತಿಹಾಸದಲ್ಲಿಯೇ ಇದೆ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್, ನಾವು ಉಂಡ ಆಹಾರವು ಯಕೃತ್ತಿನಲ್ಲಿ ರಕ್ತವಾಗಿ, ಅಲ್ಲಿಂದ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ ಎಂದು ಬೋಧಿಸಿದ್ದ. ಗದ್ದೆಗೆ ಹಾಯಿಸಿದ ನೀರು ಮಣ್ಣಿನಲ್ಲಿ ಇಂಗಿಹೋಗುವಂತೆ ರಕ್ತವೂ ಮಾಂಸದಲ್ಲಿ ಇಂಗಿಹೋಗುತ್ತದೆ ಎಂಬುದು ಇದರ ತಾತ್ಪರ್ಯ. ಯುರೋಪಿನ ಹೆಚ್ಚಿನ ವೈದ್ಯರು ಇದನ್ನು ಪ್ರಶ್ನಿಸುವ ಗೋಜಿಗೆ ಹೋಗಲಿಲ್ಲ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವಿ ಪ್ರಕಟಿಸಿದ ಪುಟ್ಟ ಗ್ರಂಥದಲ್ಲಿ ಒಂದು ಗುಣಾಕಾರವಿದೆ. ಹೃದಯದ ಒಂದು ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣವನ್ನು ಆತ ಬೇಕೆಂದೇ ತೀರಾ ಕಡಿಮೆ ಇಟ್ಟುಕೊಂಡ. ಅದನ್ನು ಅರ್ಧ ಗಂಟೆಯ ಬಡಿತಗಳಿಂದ ಗುಣಿಸಿದ. ಬಂದ ಮೊತ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗಿತ್ತು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ, ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್, ದಿನಕ್ಕೆ 7,000 ಲೀಟರ್. ಇಷ್ಟು ರಕ್ತವನ್ನು ಯಾವ ಯಕೃತ್ತೂ ಯಾವ ಊಟದಿಂದಲೂ ತಯಾರಿಸಲಾರದು. ಆದ್ದರಿಂದ ಅದೇ ರಕ್ತ ಮರಳಿ ಮರಳಿ ಸುತ್ತುತ್ತಿರಲೇಬೇಕು.

ಸುತ್ತುವುದಾದರೆ ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಯಿಂದ ಅದನ್ನು ಮರಳಿ ತರುವ ಅಭಿಧಮನಿಗೆ ಎಲ್ಲಿಯೋ ದಾರಿ ಇರಬೇಕಲ್ಲ, ಅದನ್ನು ಹಾರ್ವಿ ಕಾಣಲಿಲ್ಲ. ಆತ 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾರ್ಸೆಲ್ಲೊ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೂದಲಿಗಿಂತ ತೆಳುವಾದ ಆ ಲೋಮನಾಳಗಳನ್ನು ವಿವರಿಸಿದ. ಇದೆ ಎಂದು ಮೊದಲು ಲೆಕ್ಕ ಹೇಳಿತು, ಕಣ್ಣು ಆಮೇಲೆ ಕಂಡಿತು.

ಈ ನಾಳಗಳಲ್ಲಿ ಹರಿಯುವ ಕಣಗಳ ವಿಷಯಕ್ಕೆ ಬರೋಣ. ಮನುಷ್ಯ ದೇಹದಲ್ಲಿ ನಮ್ಮದೇ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂಬುದು ಇನ್ನೊಂದು ಜನಪ್ರಿಯ ಮಾತು. ಇದಕ್ಕೂ ಕ್ರೋಗ್ ಲೆಕ್ಕದ ಗತಿಯೇ ಆಯಿತು. 1972ರ ಒಂದು ಅಂದಾಜು, ಮಲದ ಪ್ರತಿ ಗ್ರಾಂನಲ್ಲಿರುವಷ್ಟೇ ಬ್ಯಾಕ್ಟೀರಿಯಾಗಳು ಜೀರ್ಣನಾಳದ ಉದ್ದಕ್ಕೂ ತುಂಬಿವೆ ಎಂದು ಭಾವಿಸಿ ಗುಣಿಸಿತ್ತು. ವಾಸ್ತವದಲ್ಲಿ ಅವು ಅಷ್ಟು ದಟ್ಟವಾಗಿರುವುದು ದೊಡ್ಡ ಕರುಳಿನಲ್ಲಿ ಮಾತ್ರ. ಇಸ್ರೇಲಿನ ವೈಜ಼್ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಅಂಗಾಂಗವಾರು ಎಣಿಕೆ ನಡೆಸಿ, 70 ಕಿಲೋ ತೂಕದ ಗಂಡಸಿನಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳೂ 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಇವೆ ಎಂದರು. ಎರಡೂ ಹೆಚ್ಚುಕಡಿಮೆ ಸಮಸಮ. ಆದರೆ ಆ ಎಣಿಕೆಯಲ್ಲಿ ನನಗೆ ಹೆಚ್ಚು ಬೆರಗು ತಂದದ್ದು ಬೇರೊಂದು. 30 ಲಕ್ಷ ಕೋಟಿ ಜೀವಕೋಶಗಳಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ರಕ್ತಕಣಗಳೇ! ಮಿದುಳು, ಮೂಳೆ, ಚರ್ಮ, ಸ್ನಾಯು, ಯಕೃತ್ತು ಎಲ್ಲ ಸೇರಿದರೂ ಎಣಿಕೆಯಲ್ಲಿ ಐದನೆಯ ಒಂದು ಭಾಗ ದಾಟುವುದಿಲ್ಲ. ತಲೆ ಎಣಿಸಿ ಮತ ಹಾಕಿಸಿದರೆ ದೇಹದಲ್ಲಿ ಸದಾ ರಕ್ತದ್ದೇ ಸರ್ಕಾರ.

ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಿದ್ದರೆ 25 ಲಕ್ಷ ಕೋಟಿ ಕಣಗಳನ್ನು ಕಾಯ್ದುಕೊಳ್ಳಲು ಅಸ್ಥಿಮಜ್ಜೆ ಕ್ಷಣಕ್ಷಣವೂ ಹೊಸದನ್ನು ತಯಾರಿಸುತ್ತಿರಬೇಕು. 120 ದಿನಗಳ ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ 24 ಲಕ್ಷ ಕಣಗಳೆಂಬ ಉತ್ತರ ಬರುತ್ತದೆ. ಅರ್ಧ ಗಂಟೆಯ ಈ ಉಪನ್ಯಾಸ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಪ್ರತಿಯೊಬ್ಬರೂ ನಾನೂರು ಕೋಟಿಗೂ ಹೆಚ್ಚು ಕಣಗಳನ್ನು ಹುಟ್ಟಿಸಿರುತ್ತೀರಿ, ಅಷ್ಟನ್ನೇ ಕಳೆದುಕೊಂಡೂ ಇರುತ್ತೀರಿ.

120 ದಿನ ಎಂದು ತಿಳಿದದ್ದಾದರೂ ಹೇಗೆ? ಇಷ್ಟು ಚಿಕ್ಕ, ಒಂದನ್ನೊಂದು ಹೋಲುವ ಕಣಗಳಲ್ಲಿ ಯಾವುದು ಎಂದು ಹುಟ್ಟಿತೆಂದು ಹೇಳುವವರಾರು? ಅಮೆರಿಕದ ವಿನಿಫ್ರೆಡ್ ಆಶ್ಬಿ 1919ರಲ್ಲಿ ಒಂದು ಜಾಣತನದ ಉಪಾಯ ಹೂಡಿದರು. ಎ ಗುಂಪಿನ ರೋಗಿಗೆ ಓ ಗುಂಪಿನ ರಕ್ತ ಕೊಟ್ಟಾಗ, ಆಮೇಲೆ ತೆಗೆದ ಮಾದರಿಗೆ ಎ ಕಣಗಳನ್ನು ಗಂಟುಕಟ್ಟಿಸುವ ದ್ರವವನ್ನು ಸೇರಿಸಿದರೆ ರೋಗಿಯ ಸ್ವಂತ ಕಣಗಳು ಗಂಟುಕಟ್ಟುತ್ತವೆ, ದಾನಿಯ ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಉಳಿದವನ್ನು ದಿನ ಕಳೆದಂತೆ ಎಣಿಸುತ್ತ ಹೋದರಾಯಿತು. ಅದುವರೆಗೆ ಕೆಲವೇ ವಾರಗಳೆಂದು ನಂಬಿದ್ದ ಆಯುಸ್ಸು ನೂರು ದಿನಗಳಷ್ಟು ಎಳೆಯುತ್ತದೆ ಎಂಬುದನ್ನು ಆಕೆ ತೋರಿಸಿದರು. ಅವರ ಮಾತನ್ನು ಒಪ್ಪಲು ವೈದ್ಯಲೋಕ ಬಹಳ ವರ್ಷ ಹಿಂದೆಮುಂದೆ ನೋಡಿತು. ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಶೆಮಿನ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಸಾಧಾರಣ ಸಾರಜನಕಕ್ಕಿಂತ ತುಸು ಭಾರವಾದ ಸಾರಜನಕ-15ನ್ನು ಸೇರಿಸಿ ತಯಾರಿಸಿದ 66 ಗ್ರಾಂ ಗ್ಲೈಸೀನ್ ಎಂಬ ಅಮೈನೊ ಆಮ್ಲವನ್ನು ಮೂರು ದಿನಗಳಲ್ಲಿ ತಿಂದು, ತಿಂಗಳುಗಟ್ಟಲೆ ಸ್ವಂತ ರಕ್ತವನ್ನು ತೆಗೆದು ಪರೀಕ್ಷಿಸಿದರು. ಭಾರದ ಸಾರಜನಕವು, ಕೆಂಪು ಕಣದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿನ ಹೀಮ್ ಎಂಬ ಅಂಶದಲ್ಲಿ ಏರಿತು, ಬಹುಕಾಲ ಹಾಗೆಯೇ ನಿಂತಿತು, ಬಳಿಕ ಇಳಿಯಿತು. 1946ರಲ್ಲಿ ಪ್ರಕಟವಾದ ಫಲಿತಾಂಶ: ಸರಾಸರಿ 127 ದಿನ.

ಮುದಿ ಕಣಗಳು ಒಡೆದಾಗ ಆಗುವ ಬಣ್ಣಗಳ ಬದಲಾವಣೆಯನ್ನು ನೀವೆಲ್ಲ ಕಂಡಿದ್ದೀರಿ, ಹೆಸರು ಮಾತ್ರ ತಿಳಿದಿರಲಿಕ್ಕಿಲ್ಲ. ಪೆಟ್ಟು ಬಿದ್ದ ಜಾಗ ಮೊದಲು ಕಪ್ಪುನೀಲಿಯಾಗಿ, ಆಮೇಲೆ ಹಸಿರಾಗಿ, ಕೊನೆಗೆ ಹಳದಿಯಾಗುತ್ತದಲ್ಲವೇ? ಕಣದಿಂದ ಹೊರಬಿದ್ದ ಹೀಮ್ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗಿ, ಅದು ಬಿಲಿರುಬಿನ್ ಎಂಬ ಹಳದಿ ವಸ್ತುವಾಗಿ ಮಾರ್ಪಡುವುದೇ ಅದಕ್ಕೆ ಕಾರಣ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದು ಇದೇ ಬಿಲಿರುಬಿನ್ ಹೆಚ್ಚಾದಾಗ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಪರಿವರ್ತಿಸಿದಾಗ ದೊರೆಯುವ ವಸ್ತುಗಳು ಮಲಕ್ಕೆ ಕಂದು ಬಣ್ಣವನ್ನೂ ಮೂತ್ರಕ್ಕೆ ಹಳದಿ ಬಣ್ಣವನ್ನೂ ಕೊಡುತ್ತವೆ. ಮೂತ್ರದ ಬಣ್ಣ ನೋಡಿ ರೋಗ ಹೇಳುವ ಪದ್ಧತಿ ಎಷ್ಟು ಹಳೆಯದೋ ನಿಮಗೆ ಗೊತ್ತು. ಆದರೆ ಬಿಲಿರುಬಿನ್ನಿನ ಮೇಲೆ ಕೆಲಸ ಮಾಡುವ ಆ ಬ್ಯಾಕ್ಟೀರಿಯಾ ಕಿಣ್ವ ಯಾವುದೆಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿ ಪ್ರಕಟಿಸಿದ್ದು 2024ರ ಜನವರಿಯಲ್ಲಿ.

ನ್ಯೂಗಿನಿಯ ಕೆಲವು ಹಾವುರಾಣಿಗಳಲ್ಲಿ ಮೇಲೆ ಹೇಳಿದ ಹಸಿರು ಹಂತದಲ್ಲಿಯೇ ಎಲ್ಲವೂ ನಿಂತುಬಿಡುತ್ತದೆ. ಅವುಗಳ ರಕ್ತದಲ್ಲಿ ಬಿಲಿವರ್ಡಿನ್ ಎಷ್ಟು ತುಂಬಿರುತ್ತದೆಂದರೆ ರಕ್ತ, ಮಾಂಸ, ಮೂಳೆ, ನಾಲಗೆ ಎಲ್ಲವೂ ಹಸಿರು. ಮನುಷ್ಯನಿಗೆ ವಿಷವಾಗುವ ಪ್ರಮಾಣ ಅದು, ಅವು ಮಾತ್ರ ಆರೋಗ್ಯವಾಗಿ ಓಡಾಡಿಕೊಂಡಿವೆ. ಆಕ್ಟೋಪಸ್ಸಿನ ರಕ್ತ ನೀಲಿ, ಅಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಲ್ಲ, ತಾಮ್ರ. ಅಂಟಾರ್ಕ್ಟಿಕದ ಹಿಮಮೀನಿನ ರಕ್ತಕ್ಕಂತೂ ಬಣ್ಣವೇ ಇಲ್ಲ. ನಾರ್ವೆಯ ಜೀವವಿಜ್ಞಾನಿ ಯೋಹಾನ್ ರೂಡ್ ಆ ಮೀನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಿಮೋಗ್ಲೋಬಿನ್ ಇಲ್ಲವೆಂದು 1954ರಲ್ಲಿ ಪ್ರಕಟಿಸಿದರು. ಕಡುಶೀತಲ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಹಿಮಮೀನು ದೊಡ್ಡ ಹೃದಯದಿಂದ ಹೆಚ್ಚು ರಕ್ತವನ್ನು ತಳ್ಳಿ, ಅದರಲ್ಲಿ ಕರಗಿದಷ್ಟು ಆಮ್ಲಜನಕದಿಂದಲೇ ಬದುಕು ಸಾಗಿಸುತ್ತದೆ. ಇನ್ನು ನಮ್ಮ ಮುಂಗೈಯ ನರಗಳೆಂದು ನಾವು ಕರೆಯುವ ಅಭಿಧಮನಿಗಳು ನೀಲಿಯಾಗಿ ಕಾಣುವುದು ಚರ್ಮದೊಳಗೆ ಬೆಳಕು ಚದುರುವ ಬಗೆಯಿಂದ. ಒಳಗಿನ ರಕ್ತ ಕಡುಗೆಂಪು. ಅಶುದ್ಧ ರಕ್ತ ನೀಲಿ ಎಂಬುದು ಶಾಲೆಯ ಚಿತ್ರಪಟಗಳು ಹುಟ್ಟುಹಾಕಿದ ಕಲ್ಪನೆ.

ರಕ್ತ ಕೊಡುವ, ಪಡೆಯುವ ಕತೆ ನಮ್ಮ ನಾಡಿನವರೆಗೂ ಬರುತ್ತದೆ, ಅದಕ್ಕಾಗಿ ಅದನ್ನು ಕೊನೆಗೆ ಇಟ್ಟುಕೊಂಡೆ. 1667ರಲ್ಲಿ ಫ್ರಾನ್ಸಿನ ಜಾ ಬಾಪ್ಟಿಸ್ಟ್ ಡೆನಿ ಕುರಿಮರಿಯ ರಕ್ತವನ್ನು ಒಬ್ಬ ಹುಡುಗನಿಗೆ ಕೊಟ್ಟ. ಪ್ರಮಾಣ ಅಲ್ಪವಾಗಿದ್ದುದರಿಂದಲೋ ಏನೋ, ಹುಡುಗ ಬದುಕಿದ. ಮತ್ತೊಬ್ಬ ರೋಗಿ ಸತ್ತಾಗ ಡೆನಿಯ ಮೇಲೆ ಮೊಕದ್ದಮೆ ಹೂಡಿದರು. ರೋಗಿಗೆ ಹೆಂಡತಿಯೇ ಪಾಷಾಣ ಹಾಕಿದ್ದಳೆಂದು ವಿಚಾರಣೆಯಲ್ಲಿ ಹೊರಬಿದ್ದು ವೈದ್ಯ ಪಾರಾದ, ಆದರೂ ರಕ್ತ ಕೊಡುವುದಕ್ಕೆ ನಿಷೇಧ ಬಂತು. ಒಬ್ಬರ ರಕ್ತ ಒಬ್ಬರಿಗೆ ಏಕೆ ಒಗ್ಗುವುದಿಲ್ಲ ಎಂಬುದು ತಿಳಿದದ್ದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನು ಬೆರೆಸಿ ನೋಡಿ ಗುಂಪುಗಳನ್ನು ವಿಂಗಡಿಸಿದಾಗ.

ಆ ವಿಂಗಡಣೆಯಲ್ಲಿ ಓ ಗುಂಪಿನವರ ರಕ್ತ ಯಾರಿಗೂ ಆಗುತ್ತದೆ ಎಂದು ನಾವು ಕಲಿತಿದ್ದೇವೆ. 1952ರಲ್ಲಿ ಮುಂಬಯಿಯ ವೈ. ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು, ಓ ರಕ್ತವೂ ಒಗ್ಗದ ವ್ಯಕ್ತಿಗಳನ್ನು ಗುರುತಿಸಿದರು. ಎ ಮತ್ತು ಬಿ ಅಂಶಗಳು ಕಣದ ಮೇಲೆ ಕಟ್ಟಿಕೊಳ್ಳುವುದು ಎಚ್ ಎಂಬ ತಳಹದಿಯ ಮೇಲೆ. ಓ ಗುಂಪಿನವರಲ್ಲಿ ತಳಹದಿ ಮಾತ್ರ ಇರುತ್ತದೆ. ಈ ವ್ಯಕ್ತಿಗಳಲ್ಲಿ ತಳಹದಿಯೂ ಇರಲಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅವರು ಓ ಎಂದೇ ಕಾಣುತ್ತಾರೆ, ಆದರೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಬಾಂಬೆ ಗುಂಪು ಎಂದು ಜಗತ್ತು ಕರೆಯುವುದು ಇದನ್ನೇ. ಇಂಥವರಲ್ಲಿ ಎ ಅಥವಾ ಬಿ ವಂಶವಾಹಿ ಇದ್ದೂ ಪ್ರಕಟವಾಗದೆ ಮಕ್ಕಳಿಗೆ ದಾಟಬಲ್ಲದು. ಹಾಗಾಗಿ ಓ ಎಂದು ಚೀಟಿ ಬರೆಸಿಕೊಂಡ ತಾಯಿಗೆ ಎಬಿ ಗುಂಪಿನ ಮಗು ಹುಟ್ಟಿದರೆ ಅನುಮಾನಪಡಬೇಕಾದದ್ದು ಆ ಚೀಟಿಯ ಮೇಲೆ, ತಾಯಿಯ ಮೇಲಲ್ಲ. ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರಲ್ಲಿ ಕಾಣುವ ಈ ಗುಂಪು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿದೆ ಎಂಬ ಅಂದಾಜಿದೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಇದು ತೋರುವುದರಿಂದ, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ಮನೆತನಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ತೀರಾ ಈಚಿನ ಅಧ್ಯಾಯ ನಮ್ಮ ಕೋಲಾರದ್ದು. ಹೃದಯದ ಶಸ್ತ್ರಚಿಕಿತ್ಸೆಗೆಂದು ದಾಖಲಾದ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್ ಎಂದಿತ್ತು. ಆದರೆ ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರಕ್ತನಿಧಿ ಕೇಂದ್ರದವರು ಆಕೆಯ ಕುಟುಂಬದ 20 ಮಂದಿಯ ರಕ್ತವನ್ನು ಪರೀಕ್ಷಿಸಿದರೂ ಒಂದೂ ಕೂಡಿಬರಲಿಲ್ಲ. ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು. ಸುಮಾರು ಹತ್ತು ತಿಂಗಳ ಶೋಧನೆಯ ಬಳಿಕ, ಜಗತ್ತಿನಲ್ಲಿ ಅದುವರೆಗೆ ಯಾರೂ ಗುರುತಿಸಿರದ, ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರುವ ಹೊಸ ಪ್ರತಿಜನಕವೊಂದು (ಎ, ಬಿಗಳಂತೆ ಕಣದ ಮೇಲಿನ ಗುರುತು) ಸಿಕ್ಕಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಮೂರರ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟು, 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತಪೂರಣ ತಜ್ಞರ ಸಮ್ಮೇಳನದಲ್ಲಿ ಘೋಷಿಸಿದರು. ವೈದ್ಯರು ಬೇರೆಯವರ ರಕ್ತ ಕೊಡದೆಯೇ ಆಕೆಯ ಶಸ್ತ್ರಚಿಕಿತ್ಸೆಯನ್ನು ಪೂರೈಸಿದ್ದರು. ಇಂಥ ಅಪರೂಪದ ಗುಂಪಿನವರಿಗೆ ಉಳಿದಿರುವ ಒಂದು ದಾರಿಯೆಂದರೆ ಆರೋಗ್ಯವಾಗಿರುವಾಗ ತಮ್ಮ ರಕ್ತವನ್ನೇ ತಮಗಾಗಿ ತೆಗೆದಿರಿಸಿಕೊಳ್ಳುವುದು: ರಕ್ತನಿಧಿಯ ಶೀತಕಪಾಟಿನಲ್ಲಿ ಕೆಂಪು ಕಣಗಳು 42 ದಿನ ಉಳಿದರೆ, ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿಟ್ಟ ಕಣಗಳನ್ನು ಹತ್ತು ವರ್ಷಗಳ ನಂತರವೂ ಬಳಸಬಹುದು.

ನಮಸ್ಕಾರ. ಪ್ರಶ್ನೆಗಳಿದ್ದರೆ ಕೇಳಬಹುದು.