ಹಡಗಿನಿಂದ ಇಳಿಯಲು ಅನುಮತಿ ಸಿಗದ ಅಡುಗೆಯವ

ಕೇಳುಗರಿಗೆ ನಮಸ್ಕಾರ. ಅಮೆರಿಕದವರು ಅಂದರೆ ಯಾರು? ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆ ದೇಶ ಇದೇ ಪ್ರಶ್ನೆ ಹಿಡಿದು ಜಗಳವಾಡುತ್ತಿತ್ತು. ಕೊನೆಗೆ ಸಿಕ್ಕ ಉತ್ತರ ತುಂಬಾ ಸರಳ: ಆ ನೆಲದಲ್ಲಿ ಹುಟ್ಟಿದವರು ಆ ದೇಶದವರು. ಆ ಉತ್ತರ ಸಿಕ್ಕಿದ್ದು ಒಬ್ಬ ಅಡುಗೆಯವನಿಂದ.

ಅವನ ಹೆಸರು ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಚೀನಾದವರು. 1882ರ ಕಾನೂನು ಚೀನೀ ಕೂಲಿಗಾರರು ಬರುವುದನ್ನೇ ನಿಲ್ಲಿಸಿತ್ತು, ಬಂದವರಿಗೆ ಪೌರತ್ವವೂ ಇಲ್ಲ. 1894ರಲ್ಲಿ ವಾಂಗ್ ಚೀನಾಗೆ ಹೊರಟ. ವಾಪಸ್ ಬರುವಾಗ ತೊಂದರೆ ಆಗಬಾರದು ಅಂತ, ಇವನು ಇಲ್ಲೇ ಹುಟ್ಟಿದವನು ಎಂದು ಬಿಳಿಯರ ಕೈಯಲ್ಲಿ ಸಹಿ ಹಾಕಿಸಿಕೊಂಡೇ ಹೋದ. ಎಷ್ಟು ಜಾಗ್ರತೆ ನೋಡಿ! ಮರುವರ್ಷ ಆಗಸ್ಟ್‌ನಲ್ಲಿ ಬಂದರೆ, ಸುಂಕದ ಅಧಿಕಾರಿ ಇಳಿಯಲು ಬಿಡಲಿಲ್ಲ. ನೀನು ಚೀನೀಯ, ಅಷ್ಟೇ. ಹುಟ್ಟೂರು ಕಣ್ಣೆದುರಿಗೇ ಇದೆ, ಆದರೆ ಅವನನ್ನು ತಿಂಗಳುಗಟ್ಟಲೆ ಕೊಲ್ಲಿಯಲ್ಲೇ, ಒಂದು ಹಡಗು ಹೊರಟರೆ ಇನ್ನೊಂದಕ್ಕೆ ಸಾಗಿಸಿ ಅಲ್ಲೇ ಇಟ್ಟುಕೊಂಡರು. ಬೇರೆಯವರಾಗಿದ್ದರೆ ಸುಮ್ನೆ ಚೀನಾಗೆ ಮರಳುತ್ತಿದ್ದರು, ಅಲ್ವಾ? ಇವನು ಕೋರ್ಟಿಗೆ ಹೋದ. ಕೆಳಗಿನ ಕೋರ್ಟಿನಲ್ಲಿ ಗೆದ್ದ, ಸರ್ಕಾರ ಮೇಲ್ಮನವಿ ಹಾಕಿತು. 1898ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆರು-ಎರಡರ ಬಹುಮತದಿಂದ ಹೇಳಿತು: ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಯ ಪ್ರಕಾರ ಇಲ್ಲಿ ಹುಟ್ಟಿದ ಇವನು ಅಮೆರಿಕದ ಪ್ರಜೆ.

ಅಪ್ಪ ಅಮ್ಮ ಎಲ್ಲಿಯವರು, ಮೈಬಣ್ಣ ಯಾವುದು, ಅದು ಮುಖ್ಯವಲ್ಲ. ಹುಟ್ಟಿದ ನೆಲ ಮುಖ್ಯ. ಎರಡೇ ವರ್ಷ ಹಿಂದೆ, 1896ರಲ್ಲಿ, ಇದೇ ಕೋರ್ಟ್ ಕಪ್ಪು ಜನರಿಗೆ ಬೇರೆ ರೈಲು ಡಬ್ಬಿ ಇಡುವುದು ಸರಿ ಅಂದಿತ್ತು. ಅದನ್ನು ನೆನೆದರೆ ಈ ತೀರ್ಪು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಆ ಕಾಲದ ಮಾತು ಬಂದರೆ ಎಲ್ಲರೂ 1892ರಲ್ಲಿ ತೆರೆದ ಎಲ್ಲಿಸ್ ಐಲ್ಯಾಂಡ್ ಎಂಬ ನ್ಯೂಯಾರ್ಕ್‌ನ ವಲಸಿಗರ ತಪಾಸಣಾ ಕೇಂದ್ರ, 1893ರ ಶಿಕಾಗೋ ವಿಶ್ವ ಮೇಳ, ಸ್ಪೇನ್ ಕೈಯಿಂದ ಅಮೆರಿಕ ಫಿಲಿಪೈನ್ಸನ್ನು ಗೆದ್ದುಕೊಂಡ ಯುದ್ಧ ಇವನ್ನೇ ಹೇಳುತ್ತಾರೆ. ಆಯಿತು, ಅವೂ ಬೇಕು. ಶಾಲೆಗಳಲ್ಲಿ ಬಾವುಟಕ್ಕೆ ಪ್ರತಿಜ್ಞೆ ಹೇಳಿಸುವುದು ಶುರುವಾದದ್ದೂ 1892ರಲ್ಲೇ, ಇಟಲಿ, ಪೋಲೆಂಡ್ ಕಡೆಯಿಂದ ಬಂದವರ ಮಕ್ಕಳೂ ಅದನ್ನು ಹೇಳಿದರು. ಆದರೆ ಆ ಮಕ್ಕಳಿಗೆ ಹಕ್ಕು ಕೊಟ್ಟದ್ದು ಪ್ರತಿಜ್ಞೆ ಅಲ್ಲ, ಹುಟ್ಟಿದ ನೆಲ. ಮುಂದೆ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಕನ್ನಡದವರ ಮಕ್ಕಳು ಹುಟ್ಟಿನಿಂದಲೇ ಅಲ್ಲಿಯ ಪ್ರಜೆಗಳಾದದ್ದೂ ಈ ಅಡುಗೆಯವನು ಗೆದ್ದ ತೀರ್ಪಿನ ಬಲದಿಂದಲೇ.