ನಮ್ಮ ಕ್ರಾಸಿನ 20 ಮೀಟರ್: ಗಾಡಿಗಳ ವೇಗ, ಪಾರ್ಕಿಂಗ್, ಒಂದು ಹಂಪ್

ಬೆಳಗ್ಗೆ ಏಳೂಕಾಲು ಆಗಿದೆ. ಇದು ಬೆಂಗಳೂರಿನ ವಿಜಯನಗರ, ಮೆಟ್ರೋ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಸಿಗುವ ನಮ್ಮ ಕ್ರಾಸ್. ಇವತ್ತು ಅಡುಗೆ ಇಲ್ಲ, ಶಾಪಿಂಗ್ ಇಲ್ಲ. ಅಳತೆ ಟೇಪು, ಸೀಮೆಸುಣ್ಣ, ಟ್ರೈಪಾಡ್ ಹಿಡಿದು ಹೊರಟಿದ್ದೇವೆ. ನಮ್ಮ ಬೀದಿಯಲ್ಲಿ ಗಾಡಿಗಳು ಎಷ್ಟು ಜೋರಾಗಿ ಹೋಗುತ್ತವೆ ಅಂತ ನಾವೇ ಅಳೆದು ನೋಡಬೇಕು. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ.

ಎರಡು ಗೆರೆ ಕಾಣುತ್ತಿದೆ ಅಲ್ವಾ? ಹೊಂಗೆ ಮರದ ಬುಡದಲ್ಲಿ ಒಂದು, ಇಸ್ತ್ರಿ ಗಾಡಿ ಪಕ್ಕ ಇನ್ನೊಂದು. ಮಧ್ಯೆ ಸರಿಯಾಗಿ 20 ಮೀಟರ್. ಫೋನ್ ಸ್ಲೋ ಮೋಷನ್ನಿನಲ್ಲಿ ಓಡುತ್ತಿದೆ. ಮುಂದಿನ ಚಕ್ರ ಈ ಗೆರೆಯಿಂದ ಆ ಗೆರೆಗೆ ಎಷ್ಟು ಹೊತ್ತಿನಲ್ಲಿ ಹೋಯಿತು ಅಂತ ನೋಡಿದರೆ ಸಾಕು. 2.4 ಸೆಕೆಂಡ್ ಹಿಡಿದರೆ ಗಂಟೆಗೆ 30 ಕಿಲೋಮೀಟರ್. 1.8 ಸೆಕೆಂಡ್ ಆದರೆ 40. 1.4 ಆದರೆ 50 ದಾಟಿತು ಅಂತ ಅರ್ಥ. ಪೊಲೀಸರು ದಂಡ ಹಾಕಲು ಈ ಲೆಕ್ಕ ಸಾಲದು. ಪಾಲಿಕೆಗೆ ಅರ್ಜಿ ಬರೆಯಲು ಸಾಕು.

ಇದು ಸ್ಕೂಲ್ ವ್ಯಾನ್, ನಿಧಾನವಾಗಿಯೇ ಹೋಯಿತು. ಇದು ಆಟೋ, ಪರವಾಗಿಲ್ಲ. ಈ ಬಿಳಿ ಕಾರು ನೋಡಿ. 1.5 ಸೆಕೆಂಡ್. ಅಂದರೆ 48 ಕಿಲೋಮೀಟರ್! ಗೇಟ್ ತೆಗೆದರೆ ನೇರ ರಸ್ತೆಗೇ ಕಾಲಿಡುವ ಬೀದಿಯಲ್ಲಿ 48. ನಂಬರ್ ಪ್ಲೇಟ್ ಮಸುಕು ಮಾಡಿದ್ದೇನೆ, ಯಾರನ್ನೋ ಹಿಡಿದು ಬೈಯುವುದಕ್ಕಲ್ಲ ಈ ವಿಡಿಯೋ.

ಬೀದಿಯಲ್ಲಿ ಎಲ್ಲರೂ ಬೈಯುವುದು ಡೆಲಿವರಿ ಹುಡುಗರನ್ನು. ಅವರಲ್ಲೂ ಜೋರಾಗಿ ಹೋಗುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹತ್ತೇ ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬರಬೇಕು ಅಂತ ಫೋನ್ ಒತ್ತುವವರು ಯಾರು? ನಾವೇ ಅಲ್ವಾ? ಆದರೆ ಇವತ್ತಿನ ಫೂಟೇಜಿನಲ್ಲಿ ಜಾಸ್ತಿ ವೇಗ ಇದ್ದದ್ದು ಕಾರುಗಳದ್ದು. ಕಾರ್ಡ್ ರೋಡಿನ ಸಿಗ್ನಲ್ ತಪ್ಪಿಸಿ ಮಾಗಡಿ ರೋಡ್ ಕಡೆ ನುಗ್ಗುವವರು. ಮ್ಯಾಪೇ ಅವರಿಗೆ ಈ ದಾರಿ ತೋರಿಸುತ್ತದೆ. ಮ್ಯಾಪಿಗೆ ಇದು ಖಾಲಿ ರಸ್ತೆ. ಇಲ್ಲಿ ರಂಗೋಲಿ ಹಾಕುವವರು ಇರುತ್ತಾರೆ, ಕೋಲು ಹಿಡಿದು ಹಾಲಿಗೆ ಹೋಗುವ ಅಜ್ಜಿ ಇರುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ.

30ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಅಂತ ಕೇಳುವವರಿಗೆ ಒಂದು ಲೆಕ್ಕ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. 30ರಲ್ಲಿ ಬರುವ ಕಾರು ಒಣ ರಸ್ತೆಯಲ್ಲಿ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರಿಗೆ 28 ಮೀಟರ್ ಬೇಕು. ಕಾರು ಮೊದಲ ಗೆರೆಯ ಹತ್ತಿರ ಇರುವಾಗ ಮಗು ಕಂಡರೆ, 30ರ ಕಾರು ಎರಡನೇ ಗೆರೆ ಮುಟ್ಟುವ ಮೊದಲೇ ನಿಂತಿರುತ್ತದೆ. 50ರ ಕಾರು ಇಸ್ತ್ರಿ ಗಾಡಿಯನ್ನೂ ದಾಟಿ ಹೋಗಿರುತ್ತದೆ. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ದೇಶ ದೇಶದ ಸಚಿವರು ಸೇರಿ, ಜನ ಮತ್ತು ಗಾಡಿ ಕೂಡಿ ಓಡಾಡುವ ಕಡೆ 30 ಸಾಕು ಅಂದರು. ಸುಮ್ನೆ ಅಂದದ್ದಲ್ಲ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿಯೇ ಹೇಳುತ್ತದೆ.

ಸರಿ, ಈಗ ಕ್ಯಾಮೆರಾ ಕೆಳಗೆ ಹೋಗುತ್ತಿದೆ. ಇದೇ ಆ ಹಂಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿಗಳ ಕಾಟ ಜಾಸ್ತಿ ಆಯಿತು ಅಂತ ಯಾರೋ ಒಂದು ರಾತ್ರಿ ಈ ಹಂಪ್ ಹಾಕಿಬಿಟ್ಟರು. ಆಚೆ ಕಟ್ಟುತ್ತಿರುವ ಮನೆಯಲ್ಲಿ ಉಳಿದ ಕಾಂಕ್ರೀಟು ಇರಬೇಕು. ಹಾಕಿದವರ ಉದ್ದೇಶ ಕೆಟ್ಟದ್ದಲ್ಲ, ಅದು ನನಗೂ ಗೊತ್ತು. ಆದರೆ ಬಣ್ಣ ಇಲ್ಲ, ಬೋರ್ಡ್ ಇಲ್ಲ, ಮೇಲಿನ ಬೀದಿದೀಪವೂ ಆಗ ಕೆಟ್ಟಿತ್ತು. ಮಾರನೆಯ ದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಹಾಲು ಹಾಕುವ ಹುಡುಗ ಟಿವಿಎಸ್‌ನಲ್ಲಿ ಬಂದ. ಅವನಿಗೆ ಈ ಬೀದಿ ಕಣ್ಣುಮುಚ್ಚಿದರೂ ಗೊತ್ತು, ಅದೇ ಆದದ್ದು ತೊಂದರೆ. ನಿನ್ನೆವರೆಗೆ ಇಲ್ಲದ್ದು ಇವತ್ತು ಇದೆ ಅಂತ ಯಾರಿಗೆ ಹೊಳೆಯುತ್ತದೆ? ಮುಂದಿನ ಚಕ್ರ ಹಾರಿತು, ಗಾಡಿ ಮಗುಚಿತು, ಕ್ರೇಟ್ ಸಮೇತ ನೆಲಕ್ಕೆ. ಸದ್ದಿಗೆ ನಾವೆಲ್ಲ ಎದ್ದು ಬಂದೆವು. ಪ್ಯಾಕೆಟ್‌ಗಳು ಒಡೆದು ಚರಂಡಿ ಚಪ್ಪಡಿಯವರೆಗೆ ಹಾಲು ಹರಿದಿತ್ತು. ಅವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಆದರೆ ಅವನು ನೋಡುತ್ತಿದ್ದದ್ದು ಮೊಣಕೈ ಅಲ್ಲ, ಪ್ಯಾಕೆಟ್. ಒಡೆದದ್ದೆಷ್ಟು, ಉಳಿದದ್ದೆಷ್ಟು ಅಂತ ಎಣಿಸುತ್ತಿದ್ದ. ಏಕೆಂದರೆ ಒಡೆದ ಹಾಲಿನ ದುಡ್ಡು ಅವನ ಕೈಯಿಂದಲೇ ಹೋಗುತ್ತದೆ.

ನನಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕೆಳಗಿನ ಮನೆ ಅಂಕಲ್ ಅವನನ್ನು ಜಗಲಿ ಮೇಲೆ ಕೂರಿಸಿ, ಡೆಟ್ಟಾಲ್ ಹಚ್ಚಿ, ಕಾಫಿ ಕೊಟ್ಟರು. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಹಾಲಿನ ದುಡ್ಡು ಕೊಟ್ಟೆವು. "ಬೇಡ ಬಿಡಿ ಅಕ್ಕಾ" ಅಂದ, ಆಮೇಲೆ ತೆಗೆದುಕೊಂಡ. ಅವನು ಬಿದ್ದದ್ದು ವೇಗದಿಂದಲ್ಲ. ವೇಗ ತಡೆಯಲು ನಮ್ಮ ಬೀದಿಯೇ ಹಾಕಿದ ಹಂಪಿನಿಂದ. ನಿಧಾನವಾಗಿ ಬರುವವನು ಬಿದ್ದ, ಜೋರಾಗಿ ಹೋಗುವ ಕಾರುಗಳು ಈಗಲೂ ಹೋಗುತ್ತಿವೆ. ಹಂಪಿನ ಹತ್ತಿರ ಒಮ್ಮೆ ಬ್ರೇಕ್, ದಾಟಿದ ಮೇಲೆ ಇನ್ನೂ ಜೋರು.

ಅಳತೆ ನೋಡಿ. ಎತ್ತರ 16 ಸೆಂಟಿಮೀಟರ್. ಅಗಲ ಒಂದೂವರೆ ಅಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವವರು. ಅವರ ಪ್ರಕಾರ ಹಂಪಿನ ಎತ್ತರ ನಡುವೆ 10 ಸೆಂಟಿಮೀಟರ್, ಅಗಲ 3.7 ಮೀಟರ್. ಹೌದು, ಅಡಿ ಅಲ್ಲ, ಮೀಟರ್. ಒಂದು ಸಣ್ಣ ಕಾರಿನಷ್ಟು ಉದ್ದ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು, 25 ಕಿಲೋಮೀಟರ್ ವೇಗದಲ್ಲಿ ಹೋದರೆ ಬೆನ್ನಿಗೆ ಪೆಟ್ಟು ಬೀಳಬಾರದು. ಕಪ್ಪು ಬಿಳಿ ಪಟ್ಟೆ ಇರಬೇಕು, 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು. ನಮ್ಮದರಲ್ಲಿ ಇದ್ಯಾವುದೂ ಇಲ್ಲ. ಬೆನ್ನುನೋವಿನವರು, ಬಸುರಿಯರು ಆಟೋದಲ್ಲಿ ಕೂತು ಇದನ್ನು ದಾಟುವುದು ಹೇಗೆ ಹೇಳಿ? ಹಂಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಹಂಪ್ ಬೇಕು, ರಸ್ತೆ ಯಾರದೋ ಅವರೇ ಹಾಕಬೇಕು.

ಬ್ಯಾಟರಿ ಬದಲಾಯಿಸಿದೆ. ಬೆಳಕು ಚೆನ್ನಾಗಿದೆ ಈಗ. ಈ ಹೊಂಗೆ ಮರಗಳ ಬಗ್ಗೆ ಹೇಳಲೇಬೇಕು. ಯುಗಾದಿ ಹೊತ್ತಿಗೆ ಎಳೆ ಎಲೆ ಬಂದು ಇಡೀ ಬೀದಿ ಹಸಿರು ಹಸಿರಾಗಿ ಹೊಳೆಯುತ್ತದೆ. ಆಮೇಲೆ ಹೂವು ಉದುರಿ ನೆಲವೆಲ್ಲ ತಿಳಿ ನೇರಳೆ. ಮೊದಲು ಈ ನೆರಳಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈಗ ನೆರಳೆಲ್ಲ ಕಾರುಗಳದ್ದು. ಸರಿ ಸರಿ, ಪಾರ್ಕಿಂಗಿಗೆ ಬಂದೇಬಿಟ್ಟೆ ನೋಡಿ.

ಟೇಪ್ ಹಿಡಿದಿರುವುದು ನನ್ನ ತಮ್ಮ. ಗೋಡೆಯಿಂದ ಗೋಡೆಗೆ 30 ಅಡಿ ರಸ್ತೆ ಅಂತ ಹೆಸರು. ಎರಡು ಕಡೆ ಚರಂಡಿ, ಗೇಟಿನ ಇಳಿಜಾರು ಕಳೆದರೆ ಟಾರು ಉಳಿಯುವುದು ಸುಮಾರು ಆರು ಮೀಟರ್. ಎರಡೂ ಕಡೆ ಕಾರು ನಿಂತರೆ ನಡುವೆ ಎರಡು ಮೀಟರ್ ಚಿಲ್ಲರೆ. ಫೈರ್ ಇಂಜಿನ್ನಿನ ಅಗಲವೇ ಎರಡೂವರೆ ಮೀಟರ್ ಹತ್ತಿರ. ಬೆಂಕಿ ಬಿದ್ದರೆ ಒಳಗೆ ಬರುವುದಿಲ್ಲ, ಅಷ್ಟೇ.

ಇಷ್ಟೊಂದು ಕಾರು ಎಲ್ಲಿಂದ ಬಂತು? ಅರ್ಧ ನಮ್ಮವೇ. 30-40 ಸೈಟಿನಲ್ಲಿ ನಾಲ್ಕು ಮಹಡಿ, ಕೆಳಗೆ ಪಾರ್ಕಿಂಗ್ ಅಂತ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಅಂಗಡಿ ಅಥವಾ ಒಂದು ಬಾಡಿಗೆ ಮನೆ. ಉಳಿದದ್ದು ಮೆಟ್ರೋ ಹಿಡಿಯಲು ಬರುವವರದ್ದು. 2015ರ ನವೆಂಬರಿನಲ್ಲಿ ನಮ್ಮ ಸ್ಟೇಷನ್ ಶುರುವಾಯಿತು, 2023ರ ಅಕ್ಟೋಬರಿನಲ್ಲಿ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿಯಾಯಿತು. ಒಳ್ಳೆಯದೇ. ಬೆಳಗ್ಗೆ ಇಲ್ಲಿ ಕಾರು ಬಿಟ್ಟು ಮೆಟ್ರೋ ಹತ್ತುವವರ ಮೇಲೆ ನನಗೆ ಕೋಪ ಇಲ್ಲ, ಊರಿನ ಆ ತುದಿವರೆಗೆ ಕಾರಿನಲ್ಲಿ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಗೇಟಿಗೆ ಅಡ್ಡ ಇಟ್ಟು ಸಂಜೆ ಏಳಕ್ಕೆ ಬಂದರೆ ಮನೆಯವರು ಏನು ಮಾಡಬೇಕು? ಡ್ಯಾಶ್‌ಬೋರ್ಡಿನಲ್ಲಿ ಒಂದು ಫೋನ್ ನಂಬರ್ ಇಡಿ. ಅಷ್ಟು ಮಾಡಿದರೂ ಸಾಕು.

ಈ ಬೋರ್ಡ್ ನೋಡಿ. "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು." ಇದು ತಪ್ಪು. ಬೇರೆಯವರ ಟಯರ್ ಗಾಳಿ ಬಿಡುವ ಹಕ್ಕು ಯಾರಿಗೂ ಇಲ್ಲ. ಗೇಟಿಗೆ ಅಡ್ಡ ನಿಲ್ಲಿಸಬಾರದು ಅಂತ 2017ರ ಡ್ರೈವಿಂಗ್ ನಿಯಮದಲ್ಲೇ ಇದೆ, ಟ್ರಾಫಿಕ್ ಪೊಲೀಸರಿಗೆ ಫೋಟೋ ಸಮೇತ ದೂರು ಕೊಡಬಹುದು. ಅದೇ ರೀತಿ ಮನೆ ಮುಂದೆ ಕುಂಡ, ಕಲ್ಲು, ಹಳೇ ಟಯರ್ ಇಟ್ಟು ಜಾಗ ಹಿಡಿಯುವುದೂ ತಪ್ಪು. ಗೇಟಿನ ಮುಂದಿನ ದಾರಿ ಬಿಡಿಸಿಕೊಳ್ಳಿ, ಕಾಂಪೌಂಡ್ ಉದ್ದಕ್ಕೂ ಇರುವ ರಸ್ತೆ ನಮ್ಮಪ್ಪನ ಆಸ್ತಿ ಅಲ್ಲ.

ಇನ್ನು ಈ ಕಾರು. ಕವರ್ ಮೇಲೆ ಎಲೆ ಕೊಳೆತಿದೆ, ನಾಲ್ಕೂ ಟಯರ್ ಚಪ್ಪಟೆ. ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಹತ್ತು ಗಂಟೆಗಿಂತ ಜಾಸ್ತಿ ಅನಾಥವಾಗಿ ಬಿಟ್ಟ ಗಾಡಿಯನ್ನು ಎಳೆದುಕೊಂಡು ಹೋಗಲು ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಟೋಯಿಂಗ್ ಹೆಸರಲ್ಲಿ ಆಗುತ್ತಿದ್ದ ರಂಪ ನೆನಪಿದೆಯಲ್ಲ, ಜನ ರೊಚ್ಚಿಗೆದ್ದು 2022ರಲ್ಲಿ ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಿದರು. ಆಗ ನಿಲ್ಲಿಸಿದ್ದು ಸರಿ ಅನ್ನಿಸಿತ್ತು. ಆದರೆ ಈ ಕಾರಿನಂಥದ್ದಕ್ಕಾದರೂ ಟೋಯಿಂಗ್ ಬೇಕೇ ಬೇಕು.

ದುಡ್ಡು ಕೊಟ್ಟು ಬೀದಿಯಲ್ಲಿ ನಿಲ್ಲಿಸಬೇಕಾ ಅಂತ ಅಂಕಲ್ ಕೇಳುತ್ತಾರೆ. 2021ರಲ್ಲಿ ಒಪ್ಪಿಗೆ ಸಿಕ್ಕ ಪಾರ್ಕಿಂಗ್ ನೀತಿಯಲ್ಲಿ ಅದಿದೆ. ವಸತಿ ಬೀದಿಯಲ್ಲಿ ಪರ್ಮಿಟ್, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000. ಕೇಳಿದ ತಕ್ಷಣ, ತೆರಿಗೆ ಕಟ್ಟಿ ಮತ್ತೆ ಇದೂ ಬೇರೆ ಕಟ್ಟಬೇಕಾ ಅನ್ನಿಸುತ್ತದೆ. ಲೆಕ್ಕ ಹಾಕಿ. 1,000 ಅಂದರೆ ದಿನಕ್ಕೆ ಮೂರು ರೂಪಾಯಿಯೂ ಇಲ್ಲ. 5,000 ಅಂದರೆ ಹದಿನಾಲ್ಕು ರೂಪಾಯಿ. ನಮ್ಮ ಓನರ್ ಒಂದು ರೂಮಿಗೆ ಕೇಳುವ ಬಾಡಿಗೆ ಗೊತ್ತಾದರೆ ಇದು ಏನೂ ಅಲ್ಲ. ಕೊಡೋಣ. ಆದರೆ ಆ ದುಡ್ಡಿನಲ್ಲಿ ಇದೇ ಬೀದಿಗೆ ಫುಟ್‌ಪಾತ್ ಮಾಡಿಸಬೇಕು.

ಈಗ ಮುಖ್ಯ ವಿಷಯ, ಶಾಟ್ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಇದು ಭಾನುವಾರದ ಫೂಟೇಜ್. ಕಾರುಗಳೆಲ್ಲ ಊರಿಗೋ ದೇವಸ್ಥಾನಕ್ಕೋ ಹೋಗಿವೆ, ಬೀದಿ ಖಾಲಿ. ಗಾಡಿಗಳು 1.4, 1.5 ಸೆಕೆಂಡಿಗೆ ದಾಟುತ್ತಿವೆ. ವಾರದ ದಿನ ಎರಡೂ ಕಡೆ ಕಾರು ತುಂಬಿದಾಗ ಎಲ್ಲರೂ ನಿಧಾನ. ಆದರೆ ಆಗ ಎರಡು ಕಾರಿನ ನಡುವಿಂದ ಮಗು ಹೊರಬಂದರೆ ಡ್ರೈವರಿಗೆ ಕಾಣುವುದೇ ಇಲ್ಲ. ಅಂದರೆ ಕಾರೆಲ್ಲ ತೆಗೆಸಿಬಿಟ್ಟರೆ ವೇಗ ಹೆಚ್ಚುತ್ತದೆ, ತುಂಬಿಸಿದರೆ ಫೈರ್ ಇಂಜಿನ್ ಬರುವುದಿಲ್ಲ, ಮಗು ಕಾಣುವುದಿಲ್ಲ. ಬೀದಿಯ ಮೀಟಿಂಗಿನಲ್ಲಿ ವೇಗದವರು ಒಂದು ಗುಂಪು, ಪಾರ್ಕಿಂಗಿನವರು ಇನ್ನೊಂದು ಗುಂಪು ಆಗಿ ಜಗಳ ಆಡುವುದು ಇದಕ್ಕೇ ದಂಡ. ಎರಡನ್ನೂ ಒಟ್ಟಿಗೇ ಸರಿ ಮಾಡಬೇಕು.

ನಮಗೆ ಹೊಳೆದದ್ದು ಇದು. ಒಂದೇ ಕಡೆ ಪಾರ್ಕಿಂಗ್. ಬೀದಿಯ ಅರ್ಧದವರೆಗೆ ಎಡಗಡೆ, ಅಲ್ಲಿಂದ ಮುಂದೆ ಬಲಗಡೆ. ಆಗ ನಡುವೆ ನಾಲ್ಕು ಮೀಟರ್ ಉಳಿಯುತ್ತದೆ, ಆಂಬುಲೆನ್ಸು, ಫೈರ್ ಇಂಜಿನ್ನು, ಕಸದ ಆಟೋ ಎಲ್ಲ ಬರುತ್ತವೆ. ದಾರಿ ನೇರ ಇಲ್ಲದೆ ಒಮ್ಮೆ ಬಳುಕುವುದರಿಂದ ಯಾರೂ 50ರಲ್ಲಿ ನುಗ್ಗಲು ಆಗುವುದಿಲ್ಲ. ಮೂಲೆಗಳಲ್ಲಿ ಕಾರು ನಿಲ್ಲಬಾರದು, ತಿರುಗುವಾಗ ಎದುರಿಗೆ ಬರುವವರು ಕಾಣಬೇಕು. ಈ ಕಾಂಕ್ರೀಟ್ ಗುಡ್ಡೆ ಒಡೆಸಿ, ಅಳತೆ ಪ್ರಕಾರ ಎರಡು ಹಂಪ್, ಪಟ್ಟೆ, ಬೋರ್ಡ್. 30ರ ಬೋರ್ಡೂ ಬೇಕು, ಆದರೆ ಬೋರ್ಡ್ ನೋಡಿ ನಿಧಾನ ಮಾಡುವವರು ಕಡಿಮೆ.

ಮೂಲೆ ಅಂಗಡಿ ಅಣ್ಣ ಒಪ್ಪಿಲ್ಲ. ಅವರ ಅಂಗಡಿ ಮುಂದೆ ಗಾಡಿ ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಅನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ. ಅಲ್ಲಿ ಸ್ಕೂಟರ್ ನಿಲ್ಲಿಸಲು ಗೆರೆ ಎಳೆಸೋಣ ಅಂತ ಕೇಳಿದ್ದೇವೆ, ಯೋಚನೆ ಮಾಡುತ್ತೇನೆ ಅಂದಿದ್ದಾರೆ.

ಅರ್ಜಿ ರೆಡಿ ಇದೆ. ಅಳತೆ, ಟೈಮ್ ಬರೆದ ಪಟ್ಟಿ, ಹಂಪಿನ ಫೋಟೋ, ಬೀದಿಯವರ ಸಹಿ. ಸೋಮವಾರ ಪಾಲಿಕೆಗೆ ಒಂದು ಪ್ರತಿ, ಟ್ರಾಫಿಕ್ ಠಾಣೆಗೆ ಒಂದು, ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬರುತ್ತೇವೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ ಆಗಿವೆ, ನೀವೂ ಬರೆಯುವುದಾದರೆ ನಿಮ್ಮದು ಯಾವುದು ಅಂತ ನೋಡಿ ವಿಳಾಸ ಹಾಕಿ. ನಿಮ್ಮ ಬೀದಿಯಲ್ಲೂ 20 ಮೀಟರ್ ಗೆರೆ ಎಳೆದು ನೋಡಿ. ಎಷ್ಟು ಸೆಕೆಂಡ್ ಬಂತು, ರಸ್ತೆ ಎಷ್ಟು ಅಗಲ, ಕಾರು ಒಂದು ಕಡೆಯೋ ಎರಡು ಕಡೆಯೋ, ಕಾಮೆಂಟಿನಲ್ಲಿ ಬರೆಯಿರಿ. ಮಕ್ಕಳನ್ನು ರಸ್ತೆಗೆ ಇಳಿಸಬೇಡಿ, ಗೇಟಿನೊಳಗಿಂದಲೇ ಕ್ಯಾಮೆರಾ ಇಡಿ.

ತಮ್ಮ ಟೇಪ್ ಸುತ್ತುತ್ತಿದ್ದಾನೆ, ನಾನೂ ಹೊರಟೆ. ಸೋಮವಾರ ಏನಾಯಿತು ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.